25 ಇದ್ದದ್ದು 3 ಆಯಿತು: ಗ್ಲಾರುಸ್ ಜನ ಕೈ ಎತ್ತಿದ ಕಥೆ

ಮೇ ತಿಂಗಳ ಮೊದಲ ಭಾನುವಾರ. ಸ್ವಿಟ್ಜರ್ಲೆಂಡಿನ ಗ್ಲಾರುಸ್ ಪಟ್ಟಣದ ತ್ಸೌನ್‌ಪ್ಲಾಟ್ಸ್ ಮೈದಾನದಲ್ಲಿ ಮರದ ಹಲಗೆಗಳಿಂದ ದೊಡ್ಡದೊಂದು ಬಳೆಯಂಥ ಅಂಕಣ ಕಟ್ಟಿರುತ್ತಾರೆ. ಅದರೊಳಗೆ ಸಾವಿರಾರು ಜನ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಾರೆ. ನಡುವೆ ಒಂದು ಕಟ್ಟೆ. ಅದರ ಮೇಲೆ ಉದ್ದನೆಯ ಖಡ್ಗ ಹಿಡಿದು ನಿಂತವರು ಲಾಂಡಮ್ಮನ್, ಅಂದರೆ ಸರ್ಕಾರದ ಮುಖ್ಯಸ್ಥರು. ಕಟ್ಟೆಯ ಬುಡದಲ್ಲಿ, ಎಲ್ಲರಿಗಿಂತ ಮುಂದೆ, ಶಾಲೆ ಮಕ್ಕಳು ಕೂತಿರುತ್ತಾರೆ. ಅವರಿಗೆ ಮತ ಇಲ್ಲ. ಆದರೂ ಎಲ್ಲಕ್ಕಿಂತ ಒಳ್ಳೆಯ ಜಾಗ ಅವರದ್ದೇ.

ಇದರ ಹೆಸರು ಲಾಂಡ್ಸ್‌ಗೆಮೈಂಡೆ. ನಾಡಿನ ಜನ ಒಂದೆಡೆ ನಿಂತು ತಮ್ಮ ಕಾನೂನನ್ನು ತಾವೇ ಮಾಡುವ ಸಭೆ. ಗ್ಲಾರುಸ್‌ನಲ್ಲಿ ಇದರ ಬರಹದ ದಾಖಲೆ 1387ರಿಂದ ಸಿಗುತ್ತದೆ. ಸ್ವಿಟ್ಜರ್ಲೆಂಡಿನ 26 ಕ್ಯಾಂಟನ್‌ಗಳಲ್ಲಿ, ಅಂದರೆ ನಮ್ಮ ರಾಜ್ಯಗಳಂಥ ಭಾಗಗಳಲ್ಲಿ, ಇವತ್ತು ಈ ಪದ್ಧತಿ ಉಳಿದಿರುವುದು ಎರಡರಲ್ಲಿ ಮಾತ್ರ. ಒಂದು ಗ್ಲಾರುಸ್, ಇನ್ನೊಂದು ಆಪೆನ್‌ಝೆಲ್ ಇನ್ನರ್‌ರೋಡನ್.

2006ರ ಮೇ 7ರಂದು ಈ ಮೈದಾನದಲ್ಲಿ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಸ್ವಯಂ ಆಡಳಿತದ ಬಗ್ಗೆ ಯೋಚಿಸುವಾಗೆಲ್ಲ ನಾನು ಆ ದಿನಕ್ಕೆ ವಾಪಸ್ ಬರುತ್ತೇನೆ. ಯಾಕೆಂದರೆ ಅಲ್ಲಿ ಸ್ವಯಂ ಆಡಳಿತವೇ ಸ್ವಯಂ ಆಡಳಿತದ ಎದುರು ನಿಂತಿತ್ತು.

ಸಣ್ಣ ಕಣಿವೆ, 25 ಊರಾಡಳಿತ

ಗ್ಲಾರುಸ್ ಒಂದು ಬೆಟ್ಟದ ನಾಡು. ವಿಸ್ತೀರ್ಣ ಸುಮಾರು 685 ಚದರ ಕಿಲೋಮೀಟರ್. ಆಗ ಅಲ್ಲಿದ್ದ ಜನ ಸುಮಾರು 38,000. ಲಿಂತ್ ನದಿ ಕಣಿವೆಯ ಉದ್ದಕ್ಕೂ ಹರಿಯುತ್ತದೆ. ಅದರ ಎರಡೂ ಬದಿಗೆ ಊರುಗಳು.

ಇಷ್ಟು ಜನಕ್ಕೆ 25 ಊರಾಡಳಿತಗಳಿದ್ದವು. ಅಷ್ಟೇ ಆಗಿದ್ದರೆ ಸರಿ ಅನ್ನಬಹುದಿತ್ತು. ಆದರೆ ಶಾಲೆ ನೋಡಿಕೊಳ್ಳುವ ಸಂಸ್ಥೆಯೇ ಬೇರೆ, ಬಡವರಿಗೆ ನೆರವು ಕೊಡುವ ಸಂಸ್ಥೆಯೇ ಬೇರೆ, ಹಳೆಯ ಕಾಡು-ಹುಲ್ಲುಗಾವಲು ನೋಡಿಕೊಳ್ಳುವುದು ಮತ್ತೊಂದು. ಎಲ್ಲ ಸೇರಿ ಸುಮಾರು 70 ಸಂಸ್ಥೆಗಳು. ಪ್ರತಿಯೊಂದಕ್ಕೂ ಒಂದು ಸಭೆ, ಒಂದು ಲೆಕ್ಕ, ಒಂದಷ್ಟು ಪದಾಧಿಕಾರಿಗಳು. ಒಬ್ಬನೇ ಮನುಷ್ಯ ಒಂದೇ ಊರಲ್ಲಿದ್ದುಕೊಂಡು ಮೂರು ಆಡಳಿತಗಳ ಕೆಳಗೆ ಬದುಕುತ್ತಿದ್ದ.

ಇದನ್ನು ಸುಮ್ನೆ ಗೊಂದಲ ಅಂತ ತಳ್ಳಿಹಾಕಬಾರದು. ಸ್ವಿಟ್ಜರ್ಲೆಂಡಿನಲ್ಲಿ ಊರಾಡಳಿತ ಮೇಲಿನವರು ಕೊಟ್ಟ ಕೆಲಸ ಮಾಡುವ ಕಚೇರಿ ಅಲ್ಲ. ಅದು ತನ್ನ ತೆರಿಗೆಯ ಪ್ರಮಾಣವನ್ನು ತಾನೇ ಗೊತ್ತು ಮಾಡುತ್ತದೆ. ಹೊರಗಿನಿಂದ ಬಂದವರು ಸ್ವಿಸ್ ಪ್ರಜೆ ಆಗಬೇಕಾದರೂ ಮೊದಲು ಯಾವುದೋ ಒಂದು ಊರು ಅವರನ್ನು ತನ್ನವರು ಅನ್ನಬೇಕು. ಸ್ವಿಸ್ ಪಾಸ್‌ಪೋರ್ಟ್ ತೆಗೆದು ನೋಡಿ. ಅದರಲ್ಲಿ ಹುಟ್ಟಿದ ಊರು ಇರುವುದಿಲ್ಲ, ಮೂಲದ ಊರು ಇರುತ್ತದೆ. ಅಜ್ಜನ ಅಜ್ಜ ಯಾವ ಊರಿಗೆ ಸೇರಿದವನೋ ಆ ಹೆಸರು ಮೊಮ್ಮಗಳ ಪಾಸ್‌ಪೋರ್ಟಿನಲ್ಲೂ ಇರಬಹುದು, ಅವಳು ಆ ಊರನ್ನು ಕಣ್ಣಿಂದ ನೋಡದಿದ್ದರೂ. ಊರಾಡಳಿತ ಹೋಗುತ್ತದೆ ಅಂದರೆ ಇದೆಲ್ಲ ಅಲುಗಾಡುತ್ತದೆ.

ಹಾಗಿದ್ದರೂ ಬದಲಾವಣೆ ಬೇಕು ಅನ್ನುವುದರಲ್ಲಿ ಜಾಸ್ತಿ ತಕರಾರು ಇರಲಿಲ್ಲ. ಕೆಲವು ಊರುಗಳ ಕೈಯಲ್ಲಿ ಕಾಸಿರಲಿಲ್ಲ. ಸಣ್ಣ ಊರುಗಳಲ್ಲಿ ಪದಾಧಿಕಾರಿ ಆಗಲು ಜನ ಸಿಗುವುದೇ ಕಷ್ಟವಾಗಿತ್ತು. ಹಗಲೆಲ್ಲ ದುಡಿದು ಬಂದು ರಾತ್ರಿ ಊರ ಲೆಕ್ಕ ನೋಡುವ ಕೆಲಸ ಅದು. ಎಷ್ಟು ವರ್ಷ ಅದೇ ನಾಲ್ಕು ಜನ ಮಾಡುತ್ತಾರೆ?

ಸರ್ಕಾರ ಒಂದು ದಾರಿ ಹುಡುಕಿತು. ಶಾಲೆ, ನೆರವು, ಊರು, ಮೂರೂ ಕೆಲಸ ಒಂದೇ ಆಡಳಿತಕ್ಕೆ ಸೇರಲಿ. 25 ಊರಾಡಳಿತ ಇದ್ದದ್ದು 10 ಆಗಲಿ. ಅಳೆದು ತೂಗಿ ಮಾಡಿದ ಪ್ರಸ್ತಾಪ.

ಆ ಭಾನುವಾರ

ಈ ಸಭೆಗೆ ಬರುವ ಮುಂಚೆ ಜನರ ಕೈಗೆ ಒಂದು ಪುಸ್ತಕ ಬರುತ್ತದೆ. ಅದಕ್ಕೆ ಮೆಮೊರಿಯಲ್ ಅಂತ ಹೆಸರು. ಆ ವರ್ಷ ತೀರ್ಮಾನ ಆಗಬೇಕಾದ ಪ್ರತಿ ವಿಷಯ, ಪರ ವಿರೋಧದ ವಾದ, ಲೆಕ್ಕಪತ್ರ, ಎಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಓದಿಕೊಂಡು ಬರಬೇಕು.

ಸಭೆಯಲ್ಲಿ ಒಂದೊಂದೇ ವಿಷಯ ಬರುತ್ತದೆ. ಮತ ಇರುವ ಯಾರು ಬೇಕಾದರೂ ಕಟ್ಟೆ ಹತ್ತಿ ಮಾತಾಡಬಹುದು. ಮಾತು ಶುರುವಾಗುವುದು ಒಂದು ಹಳೆಯ ಸಂಬೋಧನೆಯಿಂದ. "ಹೋಖ್‌ಫರ್‌ಟ್ರೌಟೆ, ಲೀಬೆ ಮಿಟ್‌ಲಾಂಡ್‌ಲಾಯ್ಟೆ" ಅನ್ನುತ್ತಾರೆ. ತುಂಬ ನಂಬಿಕೆಯ, ಪ್ರೀತಿಯ, ನನ್ನ ಜೊತೆಯ ನಾಡಿನವರೇ, ಅಂತ ಅರ್ಥ ಬರುತ್ತದೆ. ಎದುರಿಗೆ ನಿಂತವರಲ್ಲಿ ಮಂತ್ರಿ ಇರಬಹುದು, ದನ ಕಾಯುವವನಿರಬಹುದು. ಸಂಬೋಧನೆ ಒಂದೇ.

ಮಾತಾಡುವವರು ಪ್ರಸ್ತಾಪ ಬೇಡ ಅನ್ನಬಹುದು, ಮುಂದೂಡಿ ಅನ್ನಬಹುದು, ವಾಪಸ್ ಕಳಿಸಿ ಅನ್ನಬಹುದು. ಇಲ್ಲವೇ ತಿದ್ದಬಹುದು. ಈ ಕಡೆಯದ್ದೇ ಗ್ಲಾರುಸ್‌ನ ವಿಶೇಷ. ಆಪೆನ್‌ಝೆಲ್‌ನ ಸಭೆಯಲ್ಲೂ ಜನ ಮಾತಾಡುತ್ತಾರೆ, ಆದರೆ ಅಲ್ಲಿ ಮುಂದಿಟ್ಟ ಪ್ರಸ್ತಾಪವನ್ನು ಅಲ್ಲಿಯೇ ಹೀಗೆ ತಿದ್ದಲಾಗದು.

ಆ ದಿನ ಒಬ್ಬ ಸಾಮಾನ್ಯ ಮತದಾರ ಕಟ್ಟೆ ಹತ್ತಿದ. ಹತ್ತು ಬೇಡ, ಮೂರು ಸಾಕು ಅಂದ.

ಕಣಿವೆಯನ್ನು ಕಣ್ಣ ಮುಂದೆ ತಂದುಕೊಂಡರೆ ಆ ಮಾತಿನ ಹಿಂದಿನ ಲೆಕ್ಕ ಗೊತ್ತಾಗುತ್ತದೆ. ನಾಡು ತಾನಾಗೇ ಮೂರು ಭಾಗ. ಕೆಳಗಿನ ಬಯಲು, ನಡುವಿನ ಪಟ್ಟಣ, ಹಿಂದಿನ ಬೆಟ್ಟ. ಹತ್ತು ಮಾಡಿದರೆ ಇನ್ನು ಕೆಲವೇ ವರ್ಷಕ್ಕೆ ಮತ್ತೆ ಇದೇ ಜಗ್ಗಾಟ ಶುರುವಾಗಬಹುದು. ಮಾಡುವುದಾದರೆ ಒಂದೇ ಸಲ ಮಾಡಿ ಮುಗಿಸೋಣ.

ಮತ ಹಾಕುವ ಬಗೆಯನ್ನೂ ಹೇಳಬೇಕು. ಪ್ರತಿಯೊಬ್ಬರ ಹತ್ತಿರ ಒಂದು ಬಣ್ಣದ ಚೀಟಿ ಇರುತ್ತದೆ. ಅದನ್ನು ಹಿಡಿದ ಕೈ ಮೇಲೆತ್ತುತ್ತಾರೆ. ಯಾರೂ ಎಣಿಸುವುದಿಲ್ಲ. ಲಾಂಡಮ್ಮನ್ ಕಟ್ಟೆಯ ಮೇಲಿಂದ ಒಂದು ಸುತ್ತು ಕಣ್ಣಾಡಿಸುತ್ತಾರೆ. ಮೊದಲು ಆ ಕಡೆಯವರ ಕೈ, ಆಮೇಲೆ ಈ ಕಡೆಯವರ ಕೈ. ಯಾವ ಕಡೆ ಚೀಟಿ ದಟ್ಟವಾಗಿದೆ ಅಂತ ಕಣ್ಣಂದಾಜಿನಲ್ಲೇ ಹೇಳುತ್ತಾರೆ. ಅನುಮಾನ ಬಂದರೆ ಇನ್ನೊಮ್ಮೆ ಕೈ ಎತ್ತಿಸುತ್ತಾರೆ. ಆಗಲೂ ಗೊತ್ತಾಗದಿದ್ದರೆ ಸರ್ಕಾರದ ಇತರ ಸದಸ್ಯರನ್ನು ಕರೆದು ಕೇಳುತ್ತಾರೆ. ಅವರು ಹೇಳಿದ್ದೇ ಕೊನೆ.

ಕೈಗಳು ಮೇಲೆದ್ದವು. ಮೂರು ಗೆದ್ದಿತು.

ಸರ್ಕಾರ ತಿಂಗಳುಗಟ್ಟಲೆ ಕೂತು ತಯಾರಿಸಿದ ಯೋಜನೆಗಿಂತ ಬಹಳ ದೂರ ಜನ ಒಂದೇ ಹೆಜ್ಜೆಯಲ್ಲಿ ಹೋಗಿಬಿಟ್ಟರು. ಇಡೀ ದೇಶ ಬೆರಗಾಗಿ ನೋಡಿತು.

ಪ್ರಶ್ನೆ ಬರೆಯುವವರು ಯಾರು?

ಈ ಪ್ರಕರಣದಲ್ಲಿ ನನಗೆ ಮೊದಲು ಕಾಣುವುದು ಇದು. ಇದೇ ವಿಷಯವನ್ನು ಮತಪೆಟ್ಟಿಗೆಗೆ ಹಾಕಿದ್ದರೆ ಏನಾಗುತ್ತಿತ್ತು? ಚೀಟಿಯಲ್ಲಿ ಒಂದು ಸಾಲು ಇರುತ್ತಿತ್ತು: 10 ಊರಾಡಳಿತ ಆಗಲಿ ಅನ್ನುವುದಕ್ಕೆ ಒಪ್ಪಿಗೆಯೋ ಇಲ್ಲವೋ. ಜನ ಹೌದು ಅಥವಾ ಇಲ್ಲ ಅಂತ ಗುರುತು ಹಾಕಿ ಮನೆಗೆ ಹೋಗುತ್ತಿದ್ದರು. ಮೂರು ಅನ್ನುವ ಸಂಖ್ಯೆ ಆ ಚೀಟಿಯ ಮೇಲೆ ಬರುತ್ತಲೇ ಇರಲಿಲ್ಲ.

ಸ್ವಯಂ ಆಡಳಿತ ಅಂದ ಕೂಡಲೇ ನಾವು ಮತದ ಹಕ್ಕನ್ನು ನೆನೆಯುತ್ತೇವೆ. ಮತ ಅಂದರೆ ಉತ್ತರ. ಪ್ರಶ್ನೆಯನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ಪ್ರಶ್ನೆ ಬರೆದವನ ಕೈ ಉತ್ತರ ಕೊಟ್ಟವನ ಕೈಗಿಂತ ಯಾವಾಗಲೂ ಮೇಲೆಯೇ, ಅಲ್ವಾ? ಗ್ಲಾರುಸ್‌ನಲ್ಲಿ ಆ ದಿನ ಪ್ರಶ್ನೆಯನ್ನು ತಿದ್ದಿದ್ದು ಮೈದಾನದಲ್ಲಿ ನಿಂತಿದ್ದ ಒಬ್ಬ ಮನುಷ್ಯ. ಅವನ ಮಾತಿನ ಹಿಂದೆ ಯಾವ ಅಧಿಕಾರವೂ ಇರಲಿಲ್ಲ. ಜನ ಕೇಳಿಸಿಕೊಂಡರು, ಅಷ್ಟೇ.

ಈ ಮೈದಾನದಲ್ಲಿ ಇದು ಮೊದಲ ಸಲವೇನಲ್ಲ. 19ನೇ ಶತಮಾನದಲ್ಲಿ ಗ್ಲಾರುಸ್ ತುಂಬ ಹತ್ತಿ ಬಟ್ಟೆಯ ಕಾರ್ಖಾನೆಗಳಿದ್ದವು. 1864ರಲ್ಲಿ ಇದೇ ಸಭೆ, ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ರಾತ್ರಿ ಕೆಲಸ ಕೂಡದು ಎಂಬ ಕಾನೂನು ಮಾಡಿತು. ವಯಸ್ಕ ಗಂಡಸರ ದುಡಿಮೆಗೂ ಗಂಟೆಯ ಮಿತಿ ಹಾಕಿದ ಇಂಥ ಕಾನೂನು ಆಗಿನ ಯುರೋಪಿನಲ್ಲಿ ಅಪರೂಪ. 1877ರಲ್ಲಿ ಇಡೀ ಸ್ವಿಟ್ಜರ್ಲೆಂಡಿಗೆ 11 ಗಂಟೆಯ ಕಾನೂನು ಬಂದಾಗ ಗ್ಲಾರುಸ್‌ನದ್ದೇ ಮಾದರಿ ಆಯಿತು. ಒಂದು ಕ್ಷಣ ಆ ದೃಶ್ಯ ನೆನೆದುಕೊಳ್ಳಿ. ಕಾರ್ಖಾನೆಯ ಒಡೆಯನೂ ಅವನ ಕೆಲಸಗಾರನೂ ಅದೇ ಅಂಕಣದೊಳಗೆ ನಿಂತಿದ್ದಾರೆ. ಗುಟ್ಟಿನ ಮತ ಅಲ್ಲ. ಯಾರ ಕೈ ಮೇಲಿದೆ ಅಂತ ಒಡೆಯನ ಕಣ್ಣಿಗೆ ಕಾಣುತ್ತದೆ. ನಾಳೆ ಬೆಳಗ್ಗೆ ಅದೇ ಒಡೆಯನ ಬಾಗಿಲಿಗೆ ಹೋಗಬೇಕು. ಹಾಗಿದ್ದೂ ಕೈ ಎತ್ತಿದರು. ನನಗೆ ಆ ಕೈಗಳ ಬಗ್ಗೆ ತುಂಬ ಗೌರವ.

ಬಹಿರಂಗ ಮತದ ಆ ಭಯ ಇವತ್ತಿಗೂ ನಿಜವೇ. ಪಕ್ಕದ ಮನೆಯವನು ನೋಡುತ್ತಿರುವಾಗ ಮನಸ್ಸಿನಲ್ಲಿರುವುದಕ್ಕೆ ಕೈ ಎತ್ತುವುದು ಎಲ್ಲರಿಗೂ ಆಗುವುದಿಲ್ಲ.

ಎಲ್ಮ್‌ನವರನ್ನು ಕೇಳಿದ್ದು ಯಾರು?

ಇಷ್ಟು ಹೊತ್ತು ಹೇಳಿದ್ದು ಮೈದಾನದ ಕಡೆಯಿಂದ. ಈಗ ಹಿಂದಿನ ಬೆಟ್ಟಕ್ಕೆ ಹೋಗೋಣ.

ಎಲ್ಮ್ ಅಂತ ಒಂದು ಊರು. ಪಕ್ಕದ ಸೆರ್ನ್‌ಫ್ ಕಣಿವೆಯ ಕಟ್ಟಕಡೆಗೆ ಇದೆ. ಅದರ ಮೇಲಿನ ಬಂಡೆಬೆಟ್ಟದಲ್ಲಿ ಮಾರ್ಟಿನ್ಸ್‌ಲೋಖ್ ಎಂಬ ಒಂದು ತೂತು. ವರ್ಷದಲ್ಲಿ ಕೆಲವೇ ದಿನ, ವಸಂತದಲ್ಲೂ ಶರತ್ಕಾಲದಲ್ಲೂ, ಬೆಳಗಿನ ಸೂರ್ಯ ಆ ತೂತಿನಿಂದ ತೂರಿ ಬಂದು ಊರಿನ ಚರ್ಚಿನ ಮೇಲೆ ಬೀಳುತ್ತಾನೆ. 1881ರಲ್ಲಿ ಬೆಟ್ಟ ಕುಸಿದು ಇಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಇಂಥ ಬಿಸಿಲು, ಇಂಥ ಸಾವು ಎರಡನ್ನೂ ಜೊತೆಗೆ ಕಂಡ ಜನ "ನಾವು" ಅಂದರೆ, ಆ ಮಾತಿಗೆ ತೂಕ ಇದೆ.

2006ರ ಮೇ 7ರಂದು ಎಲ್ಮ್‌ನವರೂ ಮೈದಾನದಲ್ಲಿದ್ದಿರಬೇಕು. ಅವರಿಗೂ ಕೈ ಇತ್ತು. ಆದರೆ ಅವರು ಎಣಿಕೆಗೆ ಬಂದದ್ದು ಗ್ಲಾರುಸ್‌ನ ಜನರಾಗಿ, ಎಲ್ಮ್‌ನ ಜನರಾಗಿ ಅಲ್ಲ. ಎಲ್ಮ್ ಒಂದು ಊರಾಗಿ, ತನ್ನ ಸಭೆ ಸೇರಿಸಿ, ನಾವು ಇರೋಣವೋ ಬೇಡವೋ ಅಂತ ತೀರ್ಮಾನ ಮಾಡಲಿಲ್ಲ. ಸ್ವಿಟ್ಜರ್ಲೆಂಡಿನ ಬೇರೆ ಕಡೆ ಸಾಮಾನ್ಯವಾಗಿ ಹಾಗೆ ಮಾಡುತ್ತಾರೆ. ಕೂಡಿಕೊಳ್ಳುವ ಪ್ರತಿ ಊರೂ ಬೇರೆ ಬೇರೆಯಾಗಿ ಮತ ಹಾಕುತ್ತದೆ. ಒಂದು ಊರು ಬೇಡ ಅಂದರೆ ಮಾತುಕತೆ ಅಲ್ಲಿಗೇ ಮುರಿಯುವುದೂ ಇದೆ.

ಯುರೋಪಿನ ದೇಶಗಳು ಸ್ಥಳೀಯ ಸ್ವಯಂ ಆಡಳಿತಕ್ಕೆ ಅಂತಲೇ 1985ರಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡಿವೆ. ಸ್ವಿಟ್ಜರ್ಲೆಂಡ್ ಕೂಡ ಅದಕ್ಕೆ ಸೇರಿದೆ. ಅದರ 5ನೇ ವಿಧಿ ಹೇಳುವುದು ಇಷ್ಟು: ಊರಾಡಳಿತದ ಗಡಿ ಬದಲಿಸುವ ಮುಂಚೆ ಅಲ್ಲಿನ ಜನಸಮುದಾಯವನ್ನು ಕೇಳಬೇಕು. ಕೇಳಬೇಕು ಅಂತ ಇದೆ, ಒಪ್ಪಿಗೆ ಬೇಕೇ ಬೇಕು ಅಂತ ಇಲ್ಲ. ಈ ಎರಡು ಮಾತಿನ ನಡುವಿನ ಸಂದಿಯಲ್ಲೇ ಗ್ಲಾರುಸ್‌ನ ಪ್ರಕರಣ ಕೂತಿದೆ.

ಎಲ್ಮ್‌ನವರಿಗೆ ಅನ್ಯಾಯ ಆಯಿತೇ? ನಾನು ತುಂಬ ಹಿಂದೆಮುಂದೆ ಯೋಚಿಸಿದ್ದೇನೆ. ಒಂದು ಕಡೆಯಿಂದ ನೋಡಿದರೆ ಹೌದು ಅನಿಸುತ್ತದೆ. ತನ್ನ ಇರುವಿಕೆಯ ಬಗ್ಗೆ ತಾನೇ ಮಾತಾಡಲಾಗದ ಊರಿಗೆ ಸ್ವಯಂ ಆಡಳಿತ ಇತ್ತು ಅಂತ ಹೇಗೆ ಹೇಳುವುದು?

ಆದರೆ 25 ಊರಿಗೂ ಬೇರೆ ಬೇರೆ ಮತ ಕೊಟ್ಟಿದ್ದರೆ? ಕೈತುಂಬ ತೆರಿಗೆ ಬರುವ ಊರು, ಸಾಲದಲ್ಲಿ ಮುಳುಗಿದ ಪಕ್ಕದೂರನ್ನು ಯಾಕೆ ಒಳಗೆ ಸೇರಿಸಿಕೊಳ್ಳುತ್ತದೆ? ಅವರ ಸಾಲ ನಮಗ್ಯಾಕೆ ಅನ್ನುತ್ತದೆ. ಅದೂ ಸ್ವಯಂ ಆಡಳಿತದ ಮಾತೇ. ಆಗ ಬಡ ಊರಿನ ಕೈಯಲ್ಲಿ ಉಳಿಯುವುದು ಹೆಸರಿಗೊಂದು ಆಡಳಿತ. ಶಾಲೆಯ ಛಾವಣಿ ರಿಪೇರಿಗೂ ದುಡ್ಡಿಲ್ಲದ, ಪದಾಧಿಕಾರಿಯೂ ಸಿಗದ ಆಡಳಿತ. ಕೂಡಿದ ಇಡೀ ನಾಡು "ನಾವು" ಅಂದದ್ದರಿಂದಲೇ ಅಂಥ ಊರುಗಳ ಹೊರೆ ಹಂಚಿಕೆ ಆಯಿತು. ಹಾಗಾಗಿ ಮೈದಾನದ ತೀರ್ಮಾನ ಸರಿ ಅನ್ನುವ ಕಡೆಗೇ ನಾನು ವಾಲುತ್ತೇನೆ. ಎಲ್ಮ್‌ನ ನೋವು ಸುಳ್ಳು ಅಂತ ಮಾತ್ರ ಹೇಳಲಾರೆ.

ಈ "ನಾವು" ಅನ್ನುವುದು ಗ್ಲಾರುಸ್‌ನಲ್ಲಿ ಎಂದೂ ಗಟ್ಟಿಯಾಗಿ ಒಂದೇ ಕಡೆ ನಿಂತದ್ದಲ್ಲ. 1623ರಿಂದ 1836ರವರೆಗೆ, ಇನ್ನೂರು ವರ್ಷಕ್ಕೂ ಮೇಲೆ, ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಬೇರೆ ಬೇರೆ ಲಾಂಡ್ಸ್‌ಗೆಮೈಂಡೆ ನಡೆಸಿದರು. ಒಂದೇ ಕಣಿವೆ, ಒಂದೇ ನದಿ, ಎರಡು ನಾವು. 1836ರ ಸಂವಿಧಾನ ಆ ಒಡಕನ್ನು ಮುಚ್ಚಿತು. ಹೆಂಗಸರು ಆ "ನಾವು" ಒಳಗೆ ಬಂದದ್ದು 1971ರಲ್ಲಿ. ಅಲ್ಲಿಯವರೆಗೂ ಸುಮಾರು ಆರು ನೂರು ವರ್ಷ ನಾಡಿನ ಅರ್ಧ ಜನ ಅಂಕಣದ ಹೊರಗೇ ನಿಂತಿದ್ದರು. ಹಳೆಯದು, ಜನರದ್ದು ಅಂತ ಈ ಸಭೆಯನ್ನು ಹೊಗಳುವಾಗ ಈ ಲೆಕ್ಕ ಮರೆಯಬಾರದು. ಆ ಹೊರಗಿನ ಸಾಲು ಇವತ್ತೂ ಖಾಲಿಯಾಗಿಲ್ಲ. ಅಲ್ಲೇ ವರ್ಷಗಟ್ಟಲೆ ಬಾಳಿ, ತೆರಿಗೆ ಕಟ್ಟುವ ವಿದೇಶಿಯರಿಗೆ ಬಣ್ಣದ ಚೀಟಿ ಇಲ್ಲ. ಚೀಟಿ ಇದ್ದರೂ ಹಾಸಿಗೆ ಹಿಡಿದವರು, ಆ ಭಾನುವಾರ ಡ್ಯೂಟಿ ಇರುವ ನರ್ಸುಗಳು ಮೈದಾನಕ್ಕೆ ಬರಲಾರರು. ಅಂಚೆಯಲ್ಲಿ ಮತ ಕಳಿಸುವ ದಾರಿ ಈ ಸಭೆಗಿಲ್ಲ.

ಮತ್ತೆ ಕೇಳಿದ್ದು

ಮೇ ತಿಂಗಳ ತೀರ್ಮಾನ ಎಲ್ಲರಿಗೂ ರುಚಿಸಲಿಲ್ಲ. ಒಂದು ಭಾನುವಾರದ ಹುಮ್ಮಸ್ಸಿನಲ್ಲಿ ಎತ್ತಿದ ಕೈಯಿಂದ 25 ಊರು ಅಳಿಸಿಹೋಗಬೇಕೇ ಅನ್ನುವ ಸಿಟ್ಟು ಇತ್ತು. ಸಿಟ್ಟು ಬಂದವರಿಗೆ ಗ್ಲಾರುಸ್‌ನ ಸಂವಿಧಾನದಲ್ಲಿ ಒಂದು ಬಾಗಿಲು ಇದೆ. 2000 ಮತದಾರರು ಸೇರಿ ಕೇಳಿದರೆ, ಮುಂದಿನ ಮೇ ತನಕ ಕಾಯದೆ ವಿಶೇಷ ಸಭೆ ಕರೆಯಬೇಕು.

ಹಾಗೆ 2007ರ ನವೆಂಬರ್ 25ರಂದು ಜನ ಮತ್ತೆ ತ್ಸೌನ್‌ಪ್ಲಾಟ್ಸ್‌ಗೆ ಬಂದರು. ಈ ಸಲ ವಿಷಯ ಯಾರಿಗೂ ಹೊಸದಲ್ಲ. ಒಂದೂವರೆ ವರ್ಷ ಮನೆಯಲ್ಲಿ, ಹೋಟೆಲಿನಲ್ಲಿ, ಕೆಲಸದ ಜಾಗದಲ್ಲಿ ಇದೇ ಚರ್ಚೆ ನಡೆದಿತ್ತು. ಬೇಡ ಅನ್ನುವವರು ತಯಾರಾಗಿ ಬಂದಿದ್ದರು, ಬೇಕು ಅನ್ನುವವರೂ ತಯಾರಾಗಿ ಬಂದಿದ್ದರು. ಚಳಿಗಾಲದ ಹೊಸ್ತಿಲು. ಕೈ ಎತ್ತಿದರು. ಮತ್ತೆ ಮೂರು. ಈ ಸಲ ಬಹುಮತ ಸ್ಪಷ್ಟವಾಗಿತ್ತು.

ಮೊದಲ ಸಭೆಗಿಂತ ಈ ಎರಡನೇ ಸಭೆಯೇ ನನಗೆ ದೊಡ್ಡದು. 2006ರ ತೀರ್ಮಾನದಲ್ಲಿ ಧೈರ್ಯ ಇತ್ತು, ಆತುರವೂ ಇತ್ತು. ಸೋತವರು ನ್ಯಾಯವಾಗಿಯೇ ಹೇಳಬಹುದಿತ್ತು: ನಮಗೆ ಯೋಚಿಸಲು ಸಮಯ ಕೊಡಲಿಲ್ಲ, ಮೂರು ಅನ್ನುವ ಮಾತನ್ನು ಅವತ್ತೇ ಮೊದಲು ಕೇಳಿದ್ದು. 2007ರ ನಂತರ ಆ ಮಾತು ನಿಲ್ಲುವುದಿಲ್ಲ. ಹಾಗಂತ ಸೋತವರ ಹೋರಾಟ ವ್ಯರ್ಥ ಆಗಲಿಲ್ಲ. ಅವರು ಮತ್ತೆ ಸಭೆ ಕರೆಸದಿದ್ದರೆ ಆ ತೀರ್ಮಾನದ ಮೇಲೆ ಅನುಮಾನ ಉಳಿದೇ ಹೋಗುತ್ತಿತ್ತು. ಅದನ್ನು ತೊಳೆದದ್ದು ಗೆದ್ದವರಲ್ಲ, ಎದುರು ನಿಂತವರು.

ಅಲ್ಲಿಂದ ಮೂರು ವರ್ಷ ಕೆಲಸವೋ ಕೆಲಸ. ಹೊಸ ನಿಯಮ, ಹೊಸ ಬಜೆಟ್, ಯಾವ ನೌಕರ ಎಲ್ಲಿಗೆ, ಯಾವ ಸಾಲ ಯಾರಿಗೆ. 2011ರ ಜನವರಿ 1ರಿಂದ ಮೂರು ಊರಾಡಳಿತಗಳು ಶುರುವಾದವು. ಕೆಳಗಿನ 8 ಊರು ಸೇರಿ ಗ್ಲಾರುಸ್ ನಾರ್ಡ್, ನಡುವಿನ 4 ಸೇರಿ ಗ್ಲಾರುಸ್, ಹಿಂದಿನ 13 ಸೇರಿ ಗ್ಲಾರುಸ್ ಝ್ಯೂಡ್. ಕಡೆಯದ್ದರ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ಜೂರಿಚ್ ನಗರದ ನಾಲ್ಕು ಪಟ್ಟಿಗಿಂತ ಜಾಸ್ತಿ. ಆಗ ಅದು ಇಡೀ ದೇಶದಲ್ಲೇ ಅತಿ ವಿಶಾಲವಾದ ಊರಾಡಳಿತ. ಅಷ್ಟು ಜಾಗಕ್ಕೆ ಜನ ಮಾತ್ರ ಸುಮಾರು 10,000. ಎಲ್ಮ್ ಈಗ ಅದರ ಒಂದು ಭಾಗ. ಹಗ್ಗದಿಂದ ಬೆಟ್ಟಕ್ಕೆ ಎಳೆಯುವ ರೈಲಿನಲ್ಲಿ ಹತ್ತಿ ಹೋಗಬೇಕಾದ, ಕಾರುಗಳಿಲ್ಲದ ಬ್ರೌನ್‌ವಾಲ್ಡ್ ಊರೂ ಅದರದ್ದೇ ಭಾಗ. ಊರುಗಳ ಹೆಸರು ಅಳಿಸಿಹೋಗಿಲ್ಲ. ಎಲ್ಮ್‌ಗೆ ಬರೆಯುವ ಕಾಗದದ ಮೇಲೆ ಇವತ್ತಿಗೂ ಎಲ್ಮ್ ಅಂತಲೇ ವಿಳಾಸ. ತೆರಿಗೆ ಎಷ್ಟು ಅನ್ನುವ ಮಾತು ಮಾತ್ರ ಈಗ ಆ ಊರಿನ ಸಭೆಯಲ್ಲಿ ನಡೆಯುವುದಿಲ್ಲ.

ಹಾಗಾದರೆ ಬಾಗಿಲು ಮುಚ್ಚಿಹೋಯಿತೇ? ಮೆಮೊರಿಯಲ್ ಪುಸ್ತಕದ ಬಗ್ಗೆ ಹೇಳಿದ್ದೆನಲ್ಲ, ಅದರ ಕೊನೆಯಲ್ಲಿ ಒಂದು ಭಾಗ ಇರುತ್ತದೆ. ಹೆಸರು ಬೈವಾಗನ್. ಮೋಟಾರ್ ಸೈಕಲ್ಲಿಗೆ ಪಕ್ಕದಲ್ಲಿ ಜೋಡಿಸುವ ಗಾಡಿಗೆ ಜರ್ಮನ್ನಿನಲ್ಲಿ ಅದೇ ಹೆಸರು. ಗ್ಲಾರುಸ್‌ನ ಯಾವ ಮತದಾರನೂ ಸಭೆಗೆ ಒಂದು ಪ್ರಸ್ತಾಪ ಕಳಿಸಬಹುದು. ಶಾಸನಸಭೆಯವರು ಅದನ್ನು ಓದಿ, ಇದರಲ್ಲಿ ಹುರುಳಿಲ್ಲ ಅಂತ ಬದಿಗಿಟ್ಟರೂ ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ. ಅದು ಬೈವಾಗನ್‌ನಲ್ಲಿ ಅಚ್ಚಾಗಿ ಮನೆಮನೆಗೆ ಹೋಗುತ್ತದೆ. ಮೈದಾನದಲ್ಲಿ ಒಬ್ಬರು ಎದ್ದು, ಇದನ್ನು ಕೈಗೆತ್ತಿಕೊಳ್ಳೋಣ ಅಂದರೆ, ಜನ ಅದಕ್ಕೂ ಕೈ ಎತ್ತಬಹುದು. ಎಲ್ಮ್‌ಗೆ ತನ್ನ ಆಡಳಿತ ವಾಪಸ್ ಬೇಕು ಅಂತ ನಾಳೆ ಅಲ್ಲಿನ ಒಬ್ಬ ಮತದಾರಳು ಬರೆದು ಕಳಿಸಿದರೂ ಅಷ್ಟೇ.